ಅಟ್ಟದ ಮೇಲಿನ ನಾಳೆ

ನಾಳಿನ ಚಿಂತೆ ಮನುಷ್ಯನಿಗೆ ಹುಟ್ಟಿದ್ದು ಎಂದು? ಪಂಪನ ‘ಆದಿಪುರಾಣ’ವನ್ನು ಪಾಠ ಹೇಳುವ ನನ್ನಂಥವರ ಬಳಿ ಇದಕ್ಕೊಂದು ಉತ್ತರವುಂಟು. ಭೋಗಭೂಮಿಯಲ್ಲಿ ಕಲ್ಪವೃಕ್ಷಗಳಿದ್ದವು, ಬಯಸಿದ್ದು ಬಯಸಿದ ಗಳಿಗೆಯಲ್ಲೇ ಕೈಸೇರುತ್ತಿತ್ತು. ಅಲ್ಲಿ ನಾಳೆಯ ಮಾತಿಗೆ ಎಡೆಯೇ ಇರಲಿಲ್ಲ. ಕಾಲಕ್ರಮದಲ್ಲಿ ಆ ಮರಗಳು ಶಕ್ತಿಗುಂದಿದಾಗ ಜನ ಕಂಗೆಟ್ಟರು; ಆದಿದೇವನು ಅವರಿಗೆ ಕೃಷಿಯೇ ಮೊದಲಾದ ಬದುಕಿನ ಹಾದಿಗಳನ್ನು ಕಲಿಸಿದನು. ಕಲ್ಪವೃಕ್ಷ ಮರೆಯಾದ ಮೇಲೆಯೇ ಮನುಷ್ಯ ನಾಳೆಯನ್ನು ನೆನೆಯತೊಡಗಿದ ಎಂದಾಯಿತು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ನಮ್ಮ ಸೀಮೆಯಲ್ಲಿ ತೆಂಗನ್ನೇ ಕಲ್ಪವೃಕ್ಷವೆನ್ನುವುದು ವಾಡಿಕೆ. ಆದರೆ ಇದು ಕರ್ಮಭೂಮಿಯ ಕಲ್ಪವೃಕ್ಷ. ಬೇಡಿದೊಡನೆ ಕೊಡುವುದು ಇದರ ಸ್ವಭಾವವಲ್ಲ. ಸಸಿ ನೆಟ್ಟು ಆರೇಳು ವರ್ಷ ನೀರೆರೆದರೆ ಮೊದಲ ಹೊಂಬಾಳೆ. ಅದು ಒಡೆದು ಹನ್ನೊಂದು ಹನ್ನೆರಡು ತಿಂಗಳಿಗೆ ಬಲಿತ ಕಾಯಿ. ಎಳನೀರಿನ ಸೀಮೆಯವರಿಗೆ ಅಷ್ಟು ದಿನವೂ ಬೇಡ. ನಮಗಾದರೋ ಕಾಯುವ ಕೆಲಸ ಅಲ್ಲಿಂದ ಮತ್ತೆ ಮೊದಲಾಗುತ್ತದೆ. ಕಾಯನ್ನು ಮಟ್ಟೆಸಹಿತ ಅಟ್ಟಕ್ಕೇರಿಸಿ ಇನ್ನೂ ಎಂಟು ಹತ್ತು ತಿಂಗಳು ಬಿಡಬೇಕು. ಇಂದು ಹರಾಜಿಗೆ ಬರುವ ಕೊಬ್ಬರಿ, ಎರಡು ವರ್ಷದ ಹಿಂದಿನ ಹೊಂಬಾಳೆ.

ಈ ಅಟ್ಟದ ಕಾಲವೇ ವಿಚಿತ್ರವಾದದ್ದು. ಒಳಗೇನಾಗುತ್ತಿದೆಯೆಂದು ಒಡೆದು ನೋಡುವಂತಿಲ್ಲ. ಒಡೆದರೆ ಅದು ಗಿಟುಕಾಗುವ ಮಾತು ಅಲ್ಲಿಗೇ ಮುಗಿಯಿತು. ಕಿವಿಯ ಬಳಿ ಹಿಡಿದು ಅಲುಗಿಸಬೇಕು. ಮೊದಲು ಕೇಳುವುದು ನೀರಿನ ಕುಲುಕು. ಕೆಲವು ತಿಂಗಳಿಗೆ ಅದೂ ನಿಲ್ಲುತ್ತದೆ. ಬಹಳ ದಿನ ಯಾವ ಸದ್ದೂ ಇಲ್ಲ. ಆಮೇಲೊಂದು ದಿನ ತಿರುಳು ಚಿಪ್ಪನ್ನು ಬಿಟ್ಟು ಒಳಗೆ ಲೊಟಲೊಟನೆ ತಾಗುತ್ತದೆ. ಕನಸುಗಳಿಗೂ ಇಂಥದೊಂದು ಮೌನದ ಕಾಲವುಂಟೆಂದು ನನಗೆ ತೋರುತ್ತದೆ. ನೀರಿನ ಸದ್ದು ನಿಂತಿತೆಂದು ಕಾಯನ್ನು ಎಸೆಯುವವರು ನಮ್ಮಲ್ಲಿ ಯಾರೂ ಇಲ್ಲ.

ಆದರೆ ಕಾದದ್ದಕ್ಕೆಲ್ಲ ಬೆಲೆ ಬರುತ್ತದೆಂದು ಹೇಳಲು ನನಗೆ ಧೈರ್ಯವಿಲ್ಲ. 2023ರಲ್ಲಿ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ತಿಪಟೂರಿನ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿತ್ತು. ಎರಡೇ ವರ್ಷದಲ್ಲಿ, 2025ರಲ್ಲಿ, ಅದು ಬೆಂಬಲ ಬೆಲೆಯ ಎರಡು ಪಟ್ಟನ್ನೂ ಮೀರಿ ಏರಿತು. ಸಾಲದ ಕಂತಿಗೆ ಅಂಜಿ ಮೊದಲೇ ಮಾರಿದವನ ಅಟ್ಟ ಆಗ ಬರಿದಾಗಿತ್ತು. ಕಾಯುವುದಕ್ಕೂ ಒಂದಿಷ್ಟು ಬಂಡವಾಳ ಬೇಕು. ಬಡವನಿಗೆ ತಾಳ್ಮೆಯನ್ನು ಉಪದೇಶಿಸುವ ಮೊದಲು ನಾವು ಇದನ್ನು ನೆನೆಯಬೇಕು.

ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬರುವ ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ: “ತೋಟ ನಂಬಿಕೊಂಡು ಬದುಕಬಹುದಾ ಸಾರ್?” ಕೊಳವೆಬಾವಿ ಬತ್ತಿದ್ದನ್ನು, ಕಾಂಡ ಸೋರಿ ಮರ ಸತ್ತದ್ದನ್ನು ಕಂಡ ಮಕ್ಕಳು ಅವರು. ಬೆಂಗಳೂರಿನ ಕನಸು ಕಂಡರೆ ತಪ್ಪೇನು? ಕನಸೂ ಇರಲಿ, ದಿನವೂ ಅದಕ್ಕೆರೆಯುವ ಒಂದು ಕೊಡ ನೀರೂ ಇರಲಿ ಎಂದಷ್ಟೇ ಹೇಳುತ್ತೇನೆ.

ನಮ್ಮ ತಂದೆ ನೆಟ್ಟ ಮರಗಳಿಗೆ ಈಗ ಐವತ್ತು ದಾಟಿದೆ, ಕೆಲವು ಬಿದ್ದೂಹೋಗಿವೆ. ಆ ತೆರವುಗಳಲ್ಲಿ ಈ ಮುಂಗಾರಿಗೆ ಹನ್ನೆರಡು ಸಸಿ ಇಡಬೇಕೆಂದು ಮೂರಡಿ ಗುಂಡಿಗಳನ್ನು ತೆಗೆಸಿದ್ದೇನೆ. ನನಗೆ ನಲವತ್ತೇಳು. ಅವು ತುಂಬು ಫಲಕ್ಕೆ ಬರುವಾಗ ನಾನು ನಿವೃತ್ತಿಯ ಅಂಚಿನಲ್ಲಿರುತ್ತೇನೆ. “ಮಗಳು ಈ ಊರಿಗೆ ಬರೋದು ಉಂಟೇನ್ರೀ? ಇವೆಲ್ಲ ಯಾರಿಗೆ?” ಎಂದು ನನ್ನಾಕೆ ಕೇಳಿದಳು. ಬರುತ್ತಾಳೆ ಎನ್ನಲೂ ಆಗಲಿಲ್ಲ, ಬರುವುದಿಲ್ಲ ಎನ್ನಲೂ ಆಗಲಿಲ್ಲ. ಯಾರು ಬಂದರೂ ಕಾಯಿ ಬೀಳುತ್ತದೆ ಎಂದೆ. ಅವಳು ನಕ್ಕು, ಗೊಬ್ಬರಕ್ಕೆ ಹೇಳಿಯಾಯಿತೆ ಎಂದು ವಿಚಾರಿಸಿದಳು.