ಪಾಲಿಶ್‌ಗೆ ನಮ್ಮಲ್ಲೊಂದು ಪದ

ಕಲಬುರಗಿಯ ದಾಲ್‌ಮಿಲ್‌ಗಳಲ್ಲಿ ತೊಗರಿ ಬೇಳೆಗೆ ನೀರೋ ಎಣ್ಣೆಯೋ ಹಚ್ಚಿ, ಉಜ್ಜಿ ಹೊಳಪು ಕೊಡ್ತಾರೆ. ಇದಕ್ಕೆ ಎಲ್ಲರೂ ಹೇಳೋದು ‘ಪಾಲಿಶ್’. ನಾವು ಆಫೀಸಿನಲ್ಲಿ ಆ್ಯಪ್‌ಗೆ ಕೊನೆಗೆ ಮಾಡೋದೂ ಪಾಲಿಶ್ಶೇ. ಇದರ ಮೂಲ ಲ್ಯಾಟಿನ್. ‘ಪೊಲೈಟ್’ ಕೂಡ ಅದೇ ಬೇರಿನದು. ಅಂದ್ರೆ ಚೆನ್ನಾಗಿ ಉಜ್ಜಿಸಿಕೊಂಡ ಮನುಷ್ಯ!

ಕನ್ನಡದಲ್ಲಿ ‘ಮೆರುಗು’ ಇದೆ, ಸಂಸ್ಕೃತದಿಂದ ಬಂದ ‘ಸಾಣೆ’ ಇದೆ. ನನಗೆ ಹಿಡಿಸಿದ್ದು ‘ಒಪ್ಪ’. ಒಪ್ಪ ಇಡು ಅಂದ್ರೆ ಉಜ್ಜಿ ಹೊಳೆಯಿಸು. ಒಪ್ಪ-ಓರಣ ಅಂತೀವಲ್ಲ, ಅದೇ ಒಪ್ಪ. ‘ಒಪ್ಪು’ ಇದರ ಒಡಹುಟ್ಟು: ಹೊಂದು, ಚೆಂದ ಕಾಣು, ಸಮ್ಮತಿಸು. ತಮಿಳಿನ ‘ಒಪ್ಪಂ’ಗೂ ಸಾಟಿ, ನಯ ಎಂಬ ಎರಡೂ ಅರ್ಥ ಉಂಟು. ವಸ್ತುವಿಗೆ ಎಷ್ಟು ಒಪ್ಪುತ್ತೋ ಅಷ್ಟೇ ಹೊಳಪು ಅಂತ ನಾನು ಓದಿಕೊಂಡೆ.

ಕಮಲಾಪುರದಲ್ಲಿ ತೊಗರಿ ಬೆಳೆಯೋ ನಮ್ಮ ಮಾವ ಮಾರೋದು ಪಾಲಿಶ್ ಮಾಡದ ಬೇಳೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲೇ ಜಿಐ ಟ್ಯಾಗ್ ಸಿಕ್ಕಿದೆ. ಆದರೂ ಬಣ್ಣ ಮಸುಕು ಅಂತ ಗಿರಾಕಿಗಳು “ಹಳೇದೇನ್ರಿ?” ಅಂತ ಕೇಳಿ ಮುಂದೆ ಹೋಗ್ತಾರೆ. ಪ್ಯಾಕೆಟ್ ಮೇಲೆ ‘ಅನ್‌ಪಾಲಿಶ್ಡ್’ ಅಂತ ಹಾಕಿಸೋಣ ಅಂದೆ.

“ಹಂಗಂದ್ರ ಏನೋ ಕಮ್ಮಿ ಅದ ಅಂದಂಗ ಆಗ್ತದಪಾ. ‘ಇದ್ದಂಗ ಇರೋ ಬ್ಯಾಳಿ’ ಅಂತ ಬರಿ” ಅಂದ್ರು ಮಾವ.

ಹಾಗೇ ಅಚ್ಚಾಗಿದೆ.