ಹಳೆಯ ಸ್ಪೀಕರುಗಳ ಜೀರ್ಣೋದ್ಧಾರ

ನಮ್ಮ ತೀರ್ಥರೂಪರವರು ಬಿಟ್ಟುಹೋದ ವಸ್ತುಗಳಲ್ಲಿ 112 ಎಲ್. ಪಿ. ರೆಕಾರ್ಡುಗಳೂ ಅವುಗಳನ್ನು ತಿರುಗಿಸುವ ಯಂತ್ರವೂ ಒಂದು ಆಂಪ್ಲಿಫಯರೂ ಸೇರಿದ್ದುವು. ಅವುಗಳ ಜೊತೆಯ ಸ್ಪೀಕರು ಪೆಟ್ಟಿಗೆಗಳನ್ನು ಮಾತ್ರ ಮಂಗಳೂರಿನ ಮಳೆಗಾಲಗಳೂ ಗೆದ್ದಲೂ ಕೂಡಿ ಮುಗಿಸಿಬಿಟ್ಟಿದ್ದುವು. ತಾಯಿಯವರಿಗೆ ಈಗ 84 ವರ್ಷ. ದೃಷ್ಟಿ ಮಂದವಾಗಿ ಓದುವುದು ನಿಂತು ಎರಡು ವರ್ಷಗಳಾದುವು. ಮೊಮ್ಮಗನು ಅವರಿಗೆ ಪ್ರಿಯವಾದ ಕಚೇರಿಗಳನ್ನು ಮೊಬೈಲಿನಲ್ಲಿ ಹುಡುಕಿ ಕೇಳಿಸಿದರೆ, “ಪಿಟೀಲು ಕೇಳ್ತದೆ ಮಗಾ, ಮೃದಂಗ ಎಲ್ಲಿ ಹೋಯ್ತು?” ಎನ್ನುವರು. ಪ್ರಶ್ನೆ ಸರಿಯಾದುದೇ. ಉಗುರಿನಷ್ಟಗಲದ ಸ್ಪೀಕರು ಮೃದಂಗದ ಎಡಭಾಗದ ಗುಂಕಾರವನ್ನು ಹೊರಡಿಸುವಷ್ಟು ಗಾಳಿಯನ್ನು ಅಲುಗಿಸಲಾರದು.

ಹೊಸ ಜೋಡಿಯ ಬೆಲೆಯನ್ನು ವಿಚಾರಿಸಿದೆವು. ಕೇಳಲು ಹಿತವಾದುವು ನಮ್ಮ ಒಂದು ತಿಂಗಳ ಸಂಬಳವನ್ನು ನುಂಗುವಂತಿದ್ದುವು. ಹೀಗಾಗಿ ಹಳೆಯ ಸರಕಿನ ಬೆನ್ನು ಹತ್ತಿದೆವು.

ನಮ್ಮ ಕರಾವಳಿಯಲ್ಲಿ ಹಳೆಯ ಜಪಾನೀ ಸ್ಪೀಕರುಗಳು ದೊರೆಯುವುದಕ್ಕೆ ಕಾರಣವುಂಟು. 1991ರ ಆರ್ಥಿಕ ಸುಧಾರಣೆಗಳಿಗೆ ಮುಂಚೆ ಇಂತಹ ವಿದೇಶೀ ಸರಕಿನ ಆಮದಿಗೆ ನಿರ್ಬಂಧಗಳೂ ಭಾರಿಯಾದ ಸುಂಕವೂ ಇದ್ದುವು. ಆದರೆ ಕೊಲ್ಲಿ ದೇಶಗಳಿಗೆ ದುಡಿಯಹೋಗಿದ್ದ ಮಂಗಳೂರು, ಉಡುಪಿ, ಭಟ್ಕಳಗಳ ಜನರು ಊರಿಗೆ ಬರುವಾಗ ಅಕಾಯಿ, ಸಾನ್ಸುಯಿ, ಪಯೋನಿಯರ್ ಮೊದಲಾದ ಸೆಟ್ಟುಗಳನ್ನು ಹೊತ್ತು ತಂದರು. ಅವುಗಳಲ್ಲಿ ಎಷ್ಟೋ ಇಂದು ಅಟ್ಟಗಳ ಮೇಲೆಯೂ ಗುಜರಿ ಅಂಗಡಿಗಳಲ್ಲಿಯೂ ಧೂಳು ಹಿಡಿದು ಕುಳಿತಿವೆ.

ಮೊದಲನೆಯ ಸಲ ನಾವು ಮೋಸಹೋದೆವು. ಮೋಸವೆನ್ನುವುದಕ್ಕಿಂತ ನಮ್ಮ ಅಜ್ಞಾನವೆನ್ನುವುದೇ ನ್ಯಾಯವಾದೀತು. ಒಂದು ಗುಜರಿ ಅಂಗಡಿಯಲ್ಲಿ ತೇಗದ ಬಣ್ಣದ ಪೆಟ್ಟಿಗೆಗಳ ಹೊಳಪಿಗೆ ಮರುಳಾಗಿ 1,800 ರೂಪಾಯಿ ತೆತ್ತೆವು. “ಶಬ್ದ ಬರ್ತದೆ ಸಾರ್” ಎಂದನು ಅಂಗಡಿಯವನು, ಬಂದದ್ದೂ ನಿಜವೇ. ಮನೆಯಲ್ಲಿ ಹತ್ತು ನಿಮಿಷ ಹಾಡಿದ ಬಳಿಕ ಒಂದರಿಂದ ಕಾಗದ ಕೆರೆದಂತಹ ಸದ್ದು ಹೊರಟಿತು. ಒಳಗಿನ ತಂತಿಯ ಸುರುಳಿ ಹಿಂದೊಮ್ಮೆ ಸುಟ್ಟು ಉಬ್ಬಿದುದು ಅಯಸ್ಕಾಂತಕ್ಕೆ ಉಜ್ಜುತ್ತಿದ್ದಿತು. ಇನ್ನೊಂದರ ತಳದ ಹಲಗೆಯು ನೀರು ಕುಡಿದು ಹಪ್ಪಳದಂತೆ ಉಬ್ಬಿದ್ದಿತು. ಅದರ ಮೇಲೆ ಬಣ್ಣ ಬಳಿದಿದ್ದರು. ತಾಯಿಯವರು ಏನೂ ಅನ್ನಲಿಲ್ಲ. ರೆಕಾರ್ಡನ್ನು ತಾವೇ ತಡವರಿಸಿ ತೆಗೆದು ಲಕೋಟೆಯಲ್ಲಿ ಇಟ್ಟರು. ಬೈದಿದ್ದರೆ ನಮಗೆ ಅಷ್ಟು ನೋಯುತ್ತಿರಲಿಲ್ಲ.

ಅನಂತರವೇ ನಾವು ಸ್ಪೀಕರಿನ ಒಡಲನ್ನು ಅರಿಯಲು ಕುಳಿತದ್ದು. ಅದರ ರಚನೆ ಬಹಳ ಸರಳವಾದುದು. ಅಯಸ್ಕಾಂತದ ಇಕ್ಕಟ್ಟಾದ ಸಂದಿನಲ್ಲಿ ಒಂದು ತಂತಿಯ ಸುರುಳಿ. ಸುರುಳಿಗೆ ಅಂಟಿದ ಕಾಗದದ ಆಲಿಕೆ. ಆಲಿಕೆಯ ಹೊರಗಿನ ಅಂಚನ್ನು ಲೋಹದ ಚೌಕಟ್ಟಿಗೆ ಸೇರಿಸುವ ಮೆತ್ತನೆಯ ಉಂಗುರ. ಸುರುಳಿಯಲ್ಲಿ ವಿದ್ಯುತ್ತು ಹರಿದಂತೆ ಆಲಿಕೆಯು ಹಿಂದಕ್ಕೂ ಮುಂದಕ್ಕೂ ಆಡಿ ಗಾಳಿಯನ್ನು ನಡುಗಿಸುವುದು. ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು 1925ರಲ್ಲಿ ಪ್ರಕಟಪಡಿಸಿದ ಕ್ರಮವನ್ನೇ ಇಂದಿನ ಹೊಸ ಸ್ಪೀಕರುಗಳೂ ಬಹುಮಟ್ಟಿಗೆ ಅನುಸರಿಸುತ್ತವೆ. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬಾತನು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯಿಂದಲೂ ಗಂಭೀರವಾದ ಮಂದ್ರನಾದವನ್ನು ಹೊರಡಿಸಬಹುದೆಂದು ತೋರಿಸಿದ ಮೇಲೆ, ಬೀರುವಿನಷ್ಟು ದೊಡ್ಡ ಪೆಟ್ಟಿಗೆಯ ಅಗತ್ಯ ತಪ್ಪಿತು. ಆದುದರಿಂದ ನಲವತ್ತು ವರ್ಷದ ಸ್ಪೀಕರನ್ನು ಹಳೆಯದೆಂಬ ಮಾತ್ರಕ್ಕೆ ಹೀನವೆನ್ನಲಾಗದು.

ಹಾಗಾದರೆ ಕಾಲಕ್ಕೆ ತುತ್ತಾಗುವುದು ಯಾವುದು? ಹೆಚ್ಚಾಗಿ ಆ ಮೆತ್ತನೆಯ ಉಂಗುರ. ಬಟ್ಟೆಯದೂ ರಬ್ಬರಿನದೂ ದೀರ್ಘಕಾಲ ಬಾಳುವುವು. 1970ರ ಬಳಿಕ ಬಹುವಾಗಿ ಬಳಕೆಗೆ ಬಂದ ಫೋಮಿನ ಉಂಗುರವಾದರೋ ಗಾಳಿಯ ತೇವವನ್ನು ಹೀರಿ ಹೀರಿ ಕೊನೆಗೆ ಮುಟ್ಟಿದರೆ ಪುಡಿಯಾಗುತ್ತದೆ. ನಮ್ಮ ಕಡೆಯ ಹವೆಗೆ ಅದು ಬೇಗನೆ ಸೋಲುವುದು. ನೋಡಿದವರು ಸ್ಪೀಕರೇ ಸತ್ತಿತೆಂದು ಭಾವಿಸಿ ಅಗ್ಗಕ್ಕೆ ಕೊಟ್ಟುಬಿಡುತ್ತಾರೆ. ವಾಸ್ತವದಲ್ಲಿ ಸತ್ತಿರುವುದು ಕೆಲವು ನೂರು ರೂಪಾಯಿಗಳ ಭಾಗವು. ಬೆಲೆಯುಳ್ಳ ಅಯಸ್ಕಾಂತ, ಸುರುಳಿ, ಪೆಟ್ಟಿಗೆಗಳು ಬದುಕಿಯೇ ಇರುತ್ತವೆ. ಕೊಳ್ಳುವವನ ಜಾಣತನವೆಲ್ಲ ಈ ಎರಡು ಬಗೆಯ ಕೇಡುಗಳನ್ನು ಬೇರ್ಪಡಿಸುವುದರಲ್ಲಿದೆ.

ಎರಡನೆಯ ಸಲ ನಾವು ಒಂದು ಮಲ್ಟಿಮೀಟರನ್ನೂ ಟಾರ್ಚಿನ ಒಂದು ಸೆಲ್ಲನ್ನೂ ಜೇಬಿನಲ್ಲಿಟ್ಟುಕೊಂಡು ಹೋದೆವು. ಕದ್ರಿಯ ಕಡೆಯ ಒಬ್ಬ ಹಿರಿಯರು, ಕುವೈತಿನಲ್ಲಿ ಬಹುಕಾಲ ದುಡಿದವರು, ಮಗಳ ಊರಿಗೆ ಹೋಗಲು ಮನೆಯನ್ನು ಖಾಲಿಮಾಡುತ್ತಿದ್ದರು. “ಅಂಚೆಲ್ಲ ಪುಡಿಯಾಗಿದೆ ಮಾರಾಯ್ರೆ, ಹಣ ಕೊಟ್ಟು ಯಾಕೆ ಕೊಂಡುಹೋಗ್ತೀರಿ?” ಎಂದು ಅವರೇ ಕೇಳಿದರು. ನಾವು ಆಲಿಕೆಯನ್ನು ಬೆರಳುಗಳಿಂದ ಸಮನಾಗಿ ಮೆಲ್ಲನೆ ಒತ್ತಿ ನೋಡಿದೆವು, ಕೆರೆತವಿರಲಿಲ್ಲ. 8 ಓಮ್ ಎಂದು ಬರೆದಿದ್ದ ಸ್ಪೀಕರು ಮೀಟರಿನಲ್ಲಿ 6ಕ್ಕಿಂತ ತುಸು ಹೆಚ್ಚು ತೋರಿಸಿತು. ಅದು ಆರೋಗ್ಯದ ಲಕ್ಷಣ. ಮುಳ್ಳು ಅಲುಗದಿದ್ದರೆ ಸುರುಳಿ ಕಡಿದಿದೆಯೆಂದು ತಿಳಿಯತಕ್ಕದ್ದು. ಒಂದೂವರೆ ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ಮುಟ್ಟಿಸಲು ಎರಡೂ ಆಲಿಕೆಗಳು ಒಂದೇ ದಿಕ್ಕಿಗೆ ನೆಗೆದುವು. ಪೆಟ್ಟಿಗೆಗಳ ತಳವನ್ನೂ ಬೆನ್ನನ್ನೂ ತಟ್ಟಿ, ಗೆದ್ದಲಿಲ್ಲವೆಂದು ಖಚಿತಪಡಿಸಿಕೊಂಡು, 2,000 ರೂಪಾಯಿಗೆ ಕೊಂಡೆವು. ಹಿರಿಯರು ಹಳೆಯ ತಂತಿಗಳನ್ನು ಬಿಟ್ಟಿಯಾಗಿಯೇ ಕೊಟ್ಟರು.

ದುರಸ್ತಿಯ ಕೆಲಸ ತಾಳ್ಮೆಯದು. ಮೊದಲು ಆಲಿಕೆಯ ಮತ್ತು ಚೌಕಟ್ಟಿನ ವ್ಯಾಸಗಳನ್ನು ಅಳೆದು ಅದೇ ಅಳತೆಯ ಉಂಗುರಗಳನ್ನು ತರಿಸಬೇಕು; ಎಂಟು ಇಂಚಿನದೆಂದಷ್ಟೇ ಹೇಳಿದರೆ ಸಾಲದು. ಹಳೆಯ ಫೋಮಿನ ಜಿಡ್ಡನ್ನೂ ಅಂಟನ್ನೂ ಕಾಗದ ಹರಿಯದಂತೆ ಕೆರೆದು ತೆಗೆಯಲು ನಮಗೆ ಎರಡು ಸಂಜೆಗಳು ಹಿಡಿದುವು. ಇಲ್ಲಿ ಒಂದು ಎಚ್ಚರಿಕೆ: ಸ್ಕ್ರೂಡ್ರೈವರನ್ನು ಸಡಿಲವಾಗಿ ಹಿಡಿಯಬಾರದು. ಅಯಸ್ಕಾಂತವು ಅದನ್ನು ಸೆಳೆದುಕೊಂಡರೆ ಆಲಿಕೆಗೆ ತೂತು ಬಿದ್ದಂತೆಯೇ.

ಉಂಗುರವನ್ನು ಅಂಟಿಸುವಾಗ ಸುರುಳಿಯು ಸಂದಿನ ನಟ್ಟನಡುವೆ ನಿಲ್ಲುವುದೇ ಮುಖ್ಯವಾದುದು. ನಾವು ಆತುರದಿಂದ ಕಣ್ಣಂದಾಜಿನ ಮೇಲೆ ಒಂದನ್ನು ಅಂಟಿಸಿದೆವು. ಒಣಗಿದ ಮೇಲೆ ಒತ್ತಿದರೆ ಮತ್ತೆ ಅದೇ ಕೆರೆತ! 1,800 ರೂಪಾಯಿಗಳ ನೆನಪಾಗಿ ಬೆವತೆವೆಂದರೆ ಸುಳ್ಳಲ್ಲ. ಆ ಉಂಗುರವನ್ನು ಕಿತ್ತು, ನಡುವಣ ಧೂಳುಮುಚ್ಚಳವನ್ನು ಬಿಡಿಸಿ, ತಾಯಿಯವರ ಹಳೆಯ ಎಕ್ಸ್‌ರೇ ಹಾಳೆಯನ್ನು ಕಿರಿದಾದ ಪಟ್ಟಿಗಳಾಗಿ ಕತ್ತರಿಸಿ, ಸುರುಳಿಯ ಒಳಸಂದಿನಲ್ಲಿ ಸುತ್ತಲೂ ಸಿಕ್ಕಿಸಿದೆವು. ಬೇಗನೆ ಒಣಗದ ಬಿಳಿಯ ಅಂಟಿನಿಂದ ಹೊಸ ಉಂಗುರವನ್ನು ಅಂಟಿಸಿ, ಒಂದು ರಾತ್ರಿ ಬಿಟ್ಟು ಪಟ್ಟಿಗಳನ್ನು ಎಳೆದೆವು. ಈ ಬಾರಿ ಆಲಿಕೆ ನಿಶ್ಶಬ್ದವಾಗಿ ಆಡಿತು. ಧೂಳುಮುಚ್ಚಳವನ್ನು ಕೊನೆಗೆ ಅಂಟಿಸಿದೆವು.

ಟ್ವೀಟರಿನ ದಾರಿಯಲ್ಲಿರುವ ಕೆಪ್ಯಾಸಿಟರುಗಳೂ ಮುದಿಯಾಗಿ ತಮ್ಮ ಅಳತೆಯನ್ನು ತಪ್ಪುವುದುಂಟು. ಅಷ್ಟೇ ಮೈಕ್ರೋಫ್ಯಾರಡಿನ, ವೋಲ್ಟೇಜಿನಲ್ಲಿ ಕಡಮೆಯಿಲ್ಲದ ಹೊಸವನ್ನು ಬೆಸುಗೆ ಹಾಕಿದೆವು. ಉಂಗುರ, ಅಂಟು, ಕೆಪ್ಯಾಸಿಟರುಗಳೆಲ್ಲ ಸೇರಿ 1,150 ರೂಪಾಯಿಗಳಾದುವು. ಕೆಂಪು, ಕಪ್ಪು ತಂತಿಗಳನ್ನು ಎರಡೂ ಕಡೆ ಒಂದೇ ಕ್ರಮದಲ್ಲಿ ಜೋಡಿಸಬೇಕೆಂಬುದನ್ನು ಮರೆಯಬಾರದು. ಒಂದರಲ್ಲಿ ಅದಲುಬದಲಾದರೆ ಒಂದು ಆಲಿಕೆ ಮುಂದೆ ಬಂದಾಗ ಇನ್ನೊಂದು ಹಿಂದೆ ಸರಿದು ಮಂದ್ರನಾದವೇ ಅಡಗಿಹೋಗುವುದು.

ಭಾನುವಾರ ಸಂಜೆ ತಾಯಿಯವರನ್ನು ಎರಡು ಪೆಟ್ಟಿಗೆಗಳಿಗೂ ಸಮದೂರದಲ್ಲಿ ಕುಳ್ಳಿರಿಸಿ, ಅವರು ಹೇಳಿದ ರೆಕಾರ್ಡನ್ನೇ ಇಟ್ಟೆವು. ರಾಗಾಲಾಪನೆ ಮುಗಿಯುವವರೆಗೆ ಅವರು ಮಾತನಾಡಲಿಲ್ಲ. ಕೃತಿಯೊಡನೆ ಮೃದಂಗ ಸೇರಿದಾಗ ಅವರ ಬಲಗೈ ತೊಡೆಯ ಮೇಲೆ ತಾಳ ಹಾಕತೊಡಗಿತು. ಸ್ವಲ್ಪ ಹೊತ್ತಿನ ಮೇಲೆ, “ಒಂಚೂರು ಸಣ್ಣ ಮಾಡು ಮಗಾ, ಆಚೆಮನೆಯಲ್ಲಿ ಕೂಸು ಮಲಗಿರ್ತದೆ” ಎಂದರು. ಅದು ಮುಗಿದೊಡನೆ ಇನ್ನೊಂದು ಬದಿಯನ್ನು ಹಾಕಿಸಿದರು.