ಅಳತೆಯ ಸುಳ್ಳು, ಸಾಂದ್ರತೆಯ ಸಾಕ್ಷಿ

ವೈಟ್‌ಫೀಲ್ಡ್, ಕಾಡುಗೋಡಿ ದಾಟಿ ಹೊಸಕೋಟೆ ತಾಲ್ಲೂಕಿನ ದೇವನಗೊಂದಿಯ ಹಾದಿ ಹಿಡಿದರೆ ಸಾಲುಗಟ್ಟಿದ ಟ್ಯಾಂಕರ್ ಲಾರಿಗಳು ಎದುರಾಗುತ್ತವೆ. ತೈಲ ಕಂಪನಿಗಳ ದೊಡ್ಡ ಉಗ್ರಾಣಗಳಿರುವುದು ಇಲ್ಲಿಯೇ. ಮಂಗಳೂರಿನಿಂದ ಹಾಸನದ ಮೂಲಕ ಸುಮಾರು 360 ಕಿ.ಮೀ. ಹಾಯ್ದು ಬರುವ ಕೊಳವೆ ಮಾರ್ಗ 2003ರಿಂದ ಇಲ್ಲಿಗೆ ಇಂಧನ ತರುತ್ತಿದೆ. ಇಲ್ಲಿಂದ ಬಂಕಿಗೆ ಹೊರಡುವ ಟ್ಯಾಂಕರಿನ ಕಾಗದದಲ್ಲಿ ಲೀಟರಿನ ಲೆಕ್ಕದ ಜೊತೆಗೆ ಇನ್ನೊಂದು ಅಂಕಿಯೂ ಇರುತ್ತದೆ. ಅದು 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಆ ಇಂಧನದ ಸಾಂದ್ರತೆ.

ಲೀಟರು ಗೊತ್ತಿದ್ದ ಮೇಲೆ ಸಾಂದ್ರತೆ ಏಕೆ? ಉತ್ತರ ನಮ್ಮ ಅಜ್ಜಿಯರ ಕಣಜದಲ್ಲೇ ಇದೆ. ಹಳೆಯ ಮೈಸೂರು ಸೀಮೆಯಲ್ಲಿ ಕಾಳುಕಡ್ಡಿಯನ್ನು ತೂಗುವುದಕ್ಕಿಂತ ಅಳೆಯುವುದೇ ಹೆಚ್ಚು. ಪಾವು, ಸೇರು, ಬಳ್ಳ, ಕೊಳಗ, ಖಂಡುಗ ಇವೆಲ್ಲ ಗಾತ್ರದ ಅಳತೆಗಳು. ಹೊಲವನ್ನು ಕೂಡ ಬಿತ್ತನೆಗೆ ಬೇಕಾದ ಬೀಜದ ಲೆಕ್ಕದಲ್ಲಿ ಇಷ್ಟು ಖಂಡುಗದ ಭೂಮಿ ಎನ್ನುತ್ತಿದ್ದರು. ಆದರೆ ಒಂದು ಸೇರು ರಾಗಿಯೂ ಒಂದು ಸೇರು ಭತ್ತವೂ ಒಂದೇ ತೂಕ ತೂಗುವುದಿಲ್ಲ. ಸೇರನ್ನು ಕುಲುಕಿ ತುಂಬಿದರೆ ಒಂದು ಲೆಕ್ಕ, ಸಡಿಲವಾಗಿ ಸುರಿದರೆ ಇನ್ನೊಂದು. ತಲೆ ಕಟ್ಟಿ ಅಳೆಯಬೇಕೋ, ತಲೆ ಸವರಿ ಅಳೆಯಬೇಕೋ ಎಂಬ ಜಗಳ ಸಂತೆಗೂ ಕಣಕ್ಕೂ ಹೊಸದಲ್ಲ. 1956ರ ತೂಕ ಮತ್ತು ಅಳತೆ ಕಾಯಿದೆ ಬಂದು, ಮುಂದಿನ ವರ್ಷಗಳಲ್ಲಿ ಕಿಲೋಗ್ರಾಂ ಮತ್ತು ಲೀಟರು ಜಾರಿಯಾದ ಮೇಲೆ ಕಾಳು ತಕ್ಕಡಿಗೆ ಹೋಯಿತು. ಹಾಲು, ಎಣ್ಣೆ, ಇಂಧನಗಳು ಮಾತ್ರ ಗಾತ್ರದಲ್ಲೇ ಉಳಿದವು.

ತೂಕದಿಂದ ಗಾತ್ರಕ್ಕೆ ಹೋಗುವ ಸೇತುವೆಯೇ ಸಾಂದ್ರತೆ. ಒಂದು ಘನಮೀಟರ್, ಅಂದರೆ ಸಾವಿರ ಲೀಟರ್ ವಸ್ತು ಎಷ್ಟು ಕಿಲೋ ತೂಗುತ್ತದೆ ಎಂಬುದೇ ಅದರ ಅರ್ಥ. ನೀರಿಗೆ ಅದು ಸುಮಾರು 1,000, ಉಕ್ಕಿಗೆ 7,850. ತೂಕವನ್ನು ಸಾಂದ್ರತೆಯಿಂದ ಭಾಗಿಸಿದರೆ ಗಾತ್ರ, ಗಾತ್ರವನ್ನು ಸಾಂದ್ರತೆಯಿಂದ ಗುಣಿಸಿದರೆ ತೂಕ. ಪೀಣ್ಯದ ಕಬ್ಬಿಣದ ಅಂಗಡಿಗಳಲ್ಲಿ ಈ ಲೆಕ್ಕ ಬಾಯಿಪಾಠವಾಗಿದೆ. ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ಹಿಡಿದು ಅದರ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಸಿಗುತ್ತದೆ. 12 ಮಿ.ಮೀ. ಸರಳಿಗೆ ಅದು ಸುಮಾರು 890 ಗ್ರಾಂ. ಆ 162ರೊಳಗೆ ಅಡಗಿ ಕುಳಿತಿರುವುದು ಉಕ್ಕಿನ 7,850.

ಉಕ್ಕು ಬಿಸಿಲಿಗೆ ಅಷ್ಟಾಗಿ ಜಗ್ಗುವುದಿಲ್ಲ, ಪೆಟ್ರೋಲ್ ಹಾಗಲ್ಲ. ಒಂದು ಡಿಗ್ರಿ ಏರಿದರೆ ಸಾವಿರ ಲೀಟರು ಒಂದು ಲೀಟರಿಗಿಂತ ತುಸು ಹೆಚ್ಚೇ ಹಿಗ್ಗುತ್ತದೆ. ಸಾಂದ್ರತೆ 740 ಇರುವ 12,000 ಲೀಟರ್ ಪೆಟ್ರೋಲಿನ ತೂಕ 8,880 ಕಿಲೋ. 15 ಡಿಗ್ರಿಯಲ್ಲಿ ಅಳೆದ ಅದೇ ಪೆಟ್ರೋಲ್ 30 ಡಿಗ್ರಿಗೆ ಬಂದಾಗ ಗಾತ್ರದಲ್ಲಿ ಸುಮಾರು 200 ಲೀಟರು ಬೆಳೆದಿರುತ್ತದೆ. ತೂಕ ಮಾತ್ರ ಒಂದು ಗ್ರಾಂ ಕೂಡ ಹೆಚ್ಚಿರುವುದಿಲ್ಲ. ಆದ್ದರಿಂದಲೇ ಬೇರೆ ಬೇರೆ ಉಷ್ಣತೆಯಲ್ಲಿ ಅಳೆದ ಅಂಕಿಗಳನ್ನು ಕೋಷ್ಟಕ ನೋಡಿ 15 ಡಿಗ್ರಿಗೆ ಇಳಿಸಿ ಹೋಲಿಸುತ್ತಾರೆ.

ಕಲಬೆರಕೆಯ ಸುಳಿವು ಸಿಗುವುದೂ ಈ ಹೋಲಿಕೆಯಿಂದಲೇ. ಸೀಮೆಎಣ್ಣೆ ಪೆಟ್ರೋಲಿಗಿಂತ ಭಾರ, ಅದರ ಸಾಂದ್ರತೆ 800ರ ಆಸುಪಾಸು. 740ರ ಪೆಟ್ರೋಲಿಗೆ ಶೇ 10ರಷ್ಟು ಬೆರೆಸಿದರೆ ಸಾಂದ್ರತೆ 746ಕ್ಕೆ ಏರುತ್ತದೆ. ಕಾಗದದಲ್ಲಿರುವ ಅಂಕಿಗೂ ಬಂಕಿನಲ್ಲಿ ಸಿಕ್ಕ ಅಂಕಿಗೂ 3ಕ್ಕಿಂತ ಹೆಚ್ಚು ಅಂತರವಿದ್ದರೆ ಅನುಮಾನಿಸಬೇಕೆಂಬುದು ನಿಯಮ. ಗಾಜಿನ ಜಾಡಿ, ಉಷ್ಣಮಾಪಕ, ತೇಲುವ ಹೈಡ್ರೋಮೀಟರ್ ಇಷ್ಟಿದ್ದರೆ ಪರೀಕ್ಷೆ ಕೆಲವೇ ನಿಮಿಷಗಳದು. ಅದನ್ನು ಮಾಡಿ ತೋರಿಸಿ ಎಂದು ಕೇಳುವ ಹಕ್ಕು ಗ್ರಾಹಕನಿಗೂ ಇದೆ. ಆದರೆ ಪೆಟ್ರೋಲಿನಷ್ಟೇ ಸಾಂದ್ರತೆಯ ದ್ರಾವಕ ಬೆರೆಸುವ ಜಾಣರ ಎದುರು ಹೈಡ್ರೋಮೀಟರ್ ಒಂದೇ ಸಾಲದು. ಅದಕ್ಕೆ ಪ್ರಯೋಗಾಲಯವೇ ಬೇಕು.

ಈ ಪರೀಕ್ಷೆಗೆ ಬೆಲೆ ತೆತ್ತವರೂ ಇದ್ದಾರೆ. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಬೆಳೆದು, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ಎಸ್. ಮಂಜುನಾಥ್ ಇಂಡಿಯನ್ ಆಯಿಲ್ ಸಂಸ್ಥೆಯ ಯುವ ಅಧಿಕಾರಿಯಾಗಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದ ಬಂಕಿಗೆ ಬೀಗಮುದ್ರೆ ಹಾಕಿಸಿದ್ದಕ್ಕಾಗಿ 2005ರ ನವೆಂಬರ್‌ನಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಅಪರಾಧಿಗಳಿಗೆ ಜೀವಾವಧಿ ಶಿಕ್ಷೆಯಾಯಿತು.

ಅಳೆದೂ ಸುರಿದೂ ನೋಡುವುದು ಎಂಬ ಮಾತು ನಮ್ಮಲ್ಲಿ ಹಳೆಯದು. ಅಳೆಯುವ ಪಾತ್ರೆ ಎಷ್ಟೇ ಸರಿಯಿರಲಿ, ಅದರಲ್ಲಿ ತುಂಬಿರುವುದು ಏನು ಎಂಬುದನ್ನು ಪಾತ್ರೆ ಹೇಳುವುದಿಲ್ಲ. ಬಂಕಿನಲ್ಲಿ ಬೆಲೆಯ ಪಕ್ಕ ಮೂರಂಕಿಯ ಸಾಂದ್ರತೆ ನಮೂದಾಗಿರುವುದು ಅದಕ್ಕಾಗಿಯೇ. ಅದನ್ನು ಓದುವವರು ಹೆಚ್ಚಿದಷ್ಟೂ ಅಳತೆ ನೆಟ್ಟಗಿರುತ್ತದೆ.